ಮಿನಿ ಸುಮೊ ರೋಬೋಟ್‌ಗೆ ನಾನು ಭಾರ ಸೇರಿಸಿದ್ದು

ಮಿನಿ ಸುಮೊ ಎಂದರೆ ಎರಡು ಪುಟ್ಟ ರೋಬೋಟ್ ಒಂದನ್ನೊಂದು ಕಣದಿಂದ ಹೊರಗೆ ತಳ್ಳುವ ಪಂದ್ಯ. ಇದರಲ್ಲಿ ರೋಬೋಟ್ 500 ಗ್ರಾಂ ಮೀರಬಾರದು, ಉದ್ದ-ಅಗಲ 10 ಸೆಂ.ಮೀ. ದಾಟಬಾರದು. ನನ್ನದು ಬ್ಯಾಟರಿ ಸೇರಿ 410 ಗ್ರಾಂ ಇತ್ತು. ತಳ್ಳಾಟದ ಆಟದಲ್ಲಿ 90 ಗ್ರಾಂ ಸುಮ್ನೆ ಬಿಟ್ಟುಕೊಡುವುದು ಯಾರಿಗೆ ಬೇಕು? ಮೇಲಿನ ಭಾರ ಹೆಚ್ಚಿದಷ್ಟೂ ಚಕ್ರಕ್ಕೆ ಹಿಡಿತ ಜಾಸ್ತಿ. ಹಾಗಂತ ಹಿಡಿತ ಹೆಚ್ಚಿಸಲು ಟೈರಿಗೆ ಅಂಟು ಬಳಿಯುವಂತಿಲ್ಲ. ಎ4 ಹಾಳೆಯ ಮೇಲಿಟ್ಟು ಎತ್ತಿದಾಗ ಹಾಳೆ ಎರಡು ಸೆಕೆಂಡಿಗಿಂತ ಹೆಚ್ಚು ಅಂಟಿಕೊಂಡರೆ ಅನರ್ಹ.

86 ಗ್ರಾಂ ಸೇರಿಸಿ, 4 ಗ್ರಾಂ ಉಳಿಸಿಕೊಂಡೆ. ತಪಾಸಣೆ ಮೇಜಿನ ತಕ್ಕಡಿ ನಮ್ಮದರ ಹಾಗೇ ತೋರಿಸಬೇಕಲ್ವಾ!

ಅಷ್ಟು ತೂಕಕ್ಕೆ ಉಕ್ಕಾದರೆ 11 ಘನ ಸೆಂ.ಮೀ. ಜಾಗ ಬೇಕು. ಸೀಸಕ್ಕೆ ಏಳೂವರೆ, ಟಂಗ್‌ಸ್ಟನ್‌ಗೆ ನಾಲ್ಕೂವರೆ ಸಾಕು. ಸೀಸದ ಧೂಳು ವಿಷ, ಮೇಲಾಗಿ ಅದು ಮೆತ್ತಗಿರುವುದರಿಂದ ಬಿಗಿದ ಸ್ಕ್ರೂ ನಿಧಾನವಾಗಿ ಸಡಿಲವಾಗುತ್ತದೆ. ದುಬಾರಿಯಾದರೂ ಟಂಗ್‌ಸ್ಟನ್ ತುಂಡುಗಳನ್ನೇ ತೆಗೆದುಕೊಂಡೆ.

ನಿಜವಾದ ತಲೆನೋವು ಅದನ್ನು ಎಲ್ಲಿ ಕೂರಿಸುವುದು ಎನ್ನುವುದು. ಎರಡು ಅಡುಗೆಮನೆ ತಕ್ಕಡಿ ಒಂದೇ ಎತ್ತರಕ್ಕೆ ಬರುವಂತೆ ಇಟ್ಟು, ಹಿಂದಿನ ಚಕ್ರಗಳನ್ನು ಒಂದರ ಮೇಲೆ, ಮುಂದಿನ ಬ್ಲೇಡನ್ನು (ಎದುರಾಳಿಯ ಅಡಿಗೆ ನುಗ್ಗುವ ಚೂಪು ತಗಡು) ಇನ್ನೊಂದರ ಮೇಲೆ ಇಟ್ಟೆ. ಚಕ್ರದ ಕಡೆ 290, ಬ್ಲೇಡ್ ಕಡೆ 120. ಬ್ಲೇಡ್ ಮೇಲಿನ ಭಾರ ತಳ್ಳುವುದಕ್ಕೆ ಬರುವುದಿಲ್ಲ, ಅದು ಬರೀ ನೆಲಕ್ಕೆ ಉಜ್ಜುತ್ತದೆ. ಹಾಗಂತ ಭಾರವನ್ನು ಆಕ್ಸಲ್‌ನ ಹಿಂದೆ ಹಾಕಿದರೆ, ಜೋರಾಗಿ ಹೊರಟ ಕ್ಷಣ ಮೂತಿ ಮೇಲೇಳುತ್ತದೆ. ನಮ್ಮದರ ಕೆಳಗೆ ಎದುರಾಳಿಯ ಬ್ಲೇಡ್ ನುಗ್ಗಲು ಅಷ್ಟು ಸಂದು ಸಾಕು. ಕೊನೆಗೆ ಆಕ್ಸಲ್‌ಗಿಂತ ಅರ್ಧ ಸೆಂ.ಮೀ. ಮುಂದೆ, ತಳದ ಪ್ಲೇಟಿಗೆ ತಾಗಿಸಿ ಕೂರಿಸಿದೆ. ಆಗ 370–126 ಬಂತು.

ಡಬಲ್ ಸೈಡ್ ಟೇಪನ್ನು ನಂಬಲಿಲ್ಲ. ಡಿಕ್ಕಿಗೆ ಅದು ಜಾರುತ್ತದೆ. 5 ಗ್ರಾಂ ಮೇಲ್ಪಟ್ಟ ತುಂಡು ಉದುರಿದರೆ ಸೋಲು ಎನ್ನುವ ನಿಯಮ ಹಲವು ಕಡೆ ಇದೆ. ಟಂಗ್‌ಸ್ಟನ್ ಕೊರೆಯುವುದು ನಮ್ಮಂಥವರ ಕೈಲಾಗದ ಕೆಲಸ. ಹಾಗಾಗಿ ಮೇಲೊಂದು ಅಲ್ಯೂಮಿನಿಯಂ ಪಟ್ಟಿ ಅಡ್ಡ ಹಾಕಿ ಎರಡು ಎಂ3 (3 ಮಿ.ಮೀ. ದಪ್ಪದ) ಸ್ಕ್ರೂಗಳಿಂದ ಬಿಗಿದೆ. ಸರ್ಕ್ಯೂಟ್ ಬೋರ್ಡ್‌ಗೆ ತಾಗಿ ಶಾರ್ಟ್ ಆಗದಂತೆ ನಡುವೆ ವಿದ್ಯುತ್ ಹರಿಯಲು ಬಿಡದ ಕ್ಯಾಪ್ಟಾನ್ ಟೇಪ್ ಸುತ್ತಿದೆ.

ಭಾರ ಹಾಕಿದ ಮೇಲೆ ಕೋಡ್ ಕೂಡ ತಿದ್ದಬೇಕಾಯಿತು. ಕಣದ ಬಿಳಿ ಅಂಚು ಕಂಡರೂ ರೋಬೋಟ್ ಮೊದಲಿನಷ್ಟು ಬೇಗ ನಿಲ್ಲುತ್ತಿರಲಿಲ್ಲ. ಎದುರಾಳಿಯನ್ನು ಹುಡುಕುವಾಗಿನ ವೇಗವನ್ನು ಮಾತ್ರ ಇಳಿಸಿದೆ. ತಳ್ಳುವಾಗಿನದನ್ನು ಮುಟ್ಟಲಿಲ್ಲ.