ಎಂಎಸ್‌ನವರಿಗೂ ಟಿಎ ಸಿಗುತ್ತೆ: ನನ್ನ ಅನುಭವ

"ಎಂಎಸ್‌ನವರಿಗೆ ಟಿಎ ಸಿಗಲ್ಲ ಕಣೋ, ಪಿಎಚ್‌ಡಿಯವರಿಗೇ ಸಾಲ್ತಿಲ್ಲ." ಅಮೆರಿಕಕ್ಕೆ ಎಂಎಸ್ (ಮಾಸ್ಟರ್ಸ್) ಓದಲು ಬಂದಾಗ ಸೀನಿಯರ್‌ಗಳೆಲ್ಲ ಇದನ್ನೇ ಹೇಳಿದರು. ಟಿಎ ಅಂದರೆ ಟೀಚಿಂಗ್ ಅಸಿಸ್ಟೆಂಟ್, ಕ್ಲಾಸು-ಲ್ಯಾಬಿನಲ್ಲಿ ಪಾಠಕ್ಕೆ ನೆರವಾಗುವ ವಿದ್ಯಾರ್ಥಿ ಕೆಲಸ. ಮೊದಲ ಸೆಮಿಸ್ಟರ್ ನನಗೂ ಹಾಗೇ ಅನಿಸಿತ್ತು. ನಮ್ಮ ಎಲೆಕ್ಟ್ರಿಕಲ್ ವಿಭಾಗದ ಪ್ರೊಫೆಸರ್‌ಗಳಿಗೆ ಸುಮಾರು 60 ಮೇಲ್ ಹಾಕಿದೆ. ಉತ್ತರ ಬಂದದ್ದು ಎರಡು, ಎರಡೂ ಇಲ್ಲ ಅಂತಲೇ. ಫೀಸು ಹತ್ತಿರ ಹತ್ತಿರ 11 ಸಾವಿರ ಡಾಲರ್, ಪೂರ್ತಿ ಸಾಲದ ದುಡ್ಡು. ಕ್ಯಾಂಪಸ್ ಮೆಸ್‌ನಲ್ಲಿ ಗಂಟೆಗೆ 9 ಡಾಲರ್ ಸಿಗುತ್ತಿತ್ತು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ ಮೀರಿ ಕೆಲಸ ಮಾಡುವ ಹಾಗಿಲ್ಲ ಅಲ್ವಾ, ಅದು ಊಟಕ್ಕೆ, ಬಾಡಿಗೆಗೆ ಮುಗಿದುಹೋಗುತ್ತಿತ್ತು.

ಟಿಎ ಆಗಲು ವಿದೇಶಿ ವಿದ್ಯಾರ್ಥಿಗಳು ಕೊಡಬೇಕಾದ ಇಂಗ್ಲಿಷ್ ಮಾತಿನ ಪರೀಕ್ಷೆ, ಸ್ಪೀಕ್ ಟೆಸ್ಟಿನಲ್ಲೂ 45 ಬಂತು, ಬೇಕಿದ್ದದ್ದು 50. ನನ್ನ ಮಾತಿನ ವೇಗ ಜಾಸ್ತಿ. ಒಂದು ತಿಂಗಳು ದಿನಾ ರಾತ್ರಿ ಒಂದೊಂದು ಸರ್ಕ್ಯೂಟ್ ವಿವರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಎರಡನೇ ಸಲ ಪಾಸಾದೆ.

ಆಮೇಲೆ ನಮ್ಮ ವಿಭಾಗ ಬಿಟ್ಟು ಫಿಸಿಕ್ಸ್ ಕಡೆ ಹೋದೆ. ಎಂಜಿನಿಯರಿಂಗ್ ಮಕ್ಕಳೆಲ್ಲ ಅಲ್ಲಿ ಲ್ಯಾಬ್ ಮಾಡಲೇಬೇಕು, ಹಾಗಾಗಿ ಬ್ಯಾಚುಗಳು ಜಾಸ್ತಿ. ಹಿಡಿಯಬೇಕಾದ್ದು ಪ್ರೊಫೆಸರನ್ನಲ್ಲ, ಲ್ಯಾಬ್ ಕೋಆರ್ಡಿನೇಟರನ್ನು. ಚಳಿಗಾಲದ ರಜೆಯಲ್ಲಿ ಅವರ ಮ್ಯಾನ್ಯುಯಲ್‌ನ ಹನ್ನೊಂದೂ ಪ್ರಯೋಗ ಓದಿ, ಮಕ್ಕಳು ಎಲ್ಲೆಲ್ಲಿ ತಪ್ಪಬಹುದು ಅಂತ ನೋಟ್‌ಬುಕ್‌ನಲ್ಲಿ ಬರೆದೆ. ವಿಟಿಯುನಲ್ಲಿ ರೆಕಾರ್ಡ್ ಬರೆದು ವೈವಾ ಕೊಟ್ಟ ಅಭ್ಯಾಸ ಕೈ ಹಿಡಿಯಿತು.

ಕ್ಲಾಸ್ ಶುರುವಾಗುವ ಹಿಂದಿನ ವಾರ ನೋಟ್‌ಬುಕ್ ಹಿಡಿದು ನೇರವಾಗಿ ಕೋಆರ್ಡಿನೇಟರ್ ರೂಮಿಗೇ ಹೋದೆ. ಅವರು ಪುಟ ತಿರುಗಿಸುತ್ತಾ ಕರೆಂಟ್ ಅಳೆಯುವ ಪ್ರಯೋಗಕ್ಕೆ ಬಂದು ನಿಂತರು. ಅಲ್ಲಿ ನಾನು ಬರೆದಿದ್ದು ಇಷ್ಟು: ಆಮ್ಮೀಟರನ್ನು ನೇರ ಬ್ಯಾಟರಿಗೆ ಹಾಕುತ್ತಾರೆ, ಮೀಟರ್ ಫ್ಯೂಸ್ ಹೋಗುತ್ತೆ, ಆಮೇಲೆ ಕರೆಂಟ್ ಸೊನ್ನೆ ಅಂತ ಬರೆದುಕೊಳ್ಳುತ್ತಾರೆ. ಅವರು ಮಾತಾಡದೆ ಡ್ರಾಯರ್ ಎಳೆದು, ಸುಟ್ಟ ಫ್ಯೂಸ್ ತುಂಬಿದ ಒಂದು ಡಬ್ಬಿ ತೋರಿಸಿದರು. ಹೊರಡುವಾಗ ನಾನು ಅವರಿಗೆ ಒಂದು ಪ್ರಶ್ನೆ ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಕೇಳಿದರೆ ಅದರ ಬೆಲೆ ಹೋಗುತ್ತೆ. ಮೂರನೇ ದಿನ ಮೇಲ್ ಬಂತು. ಯಾರಿಗೋ ವೀಸಾ ತಡವಾಗಿತ್ತು, ಅವರ ಎರಡು ಬ್ಯಾಚ್ ನನಗೆ. ಫೀಸು ಮಾಫಿ, ತಿಂಗಳಿಗೆ ಸುಮಾರು 1,500 ಡಾಲರ್.

ಲ್ಯಾಬ್‌ನಲ್ಲಿ ಒಂದು ಉಪಾಯ ಮಾಡಿ ನೋಡಿದೆ. ಮೊದಲು ಕಾಗದದ ಮೇಲೆ ಸರ್ಕ್ಯೂಟ್ ಬರೆದು ತೋರಿಸಿ, ಆಮೇಲೆ ವೈರ್ ಮುಟ್ಟಿ ಅಂದೆ. ಆ ಸೆಮಿಸ್ಟರ್ ನನ್ನ ಬ್ಯಾಚುಗಳಲ್ಲಿ ಹೋದದ್ದು ಎರಡೋ ಮೂರೋ ಫ್ಯೂಸ್, ಬೇರೆಯವರದ್ದು ಡಜನ್ ದಾಟಿತ್ತು. 48 ರಿಪೋರ್ಟ್ ತಿದ್ದಲು ಮೊದಲು ಒಂಬತ್ತು ಗಂಟೆ ಹಿಡಿಯುತ್ತಿತ್ತು. ಎಲ್ಲರದ್ದೂ ಒಂದೇ ಪ್ರಶ್ನೆ ಮುಗಿಸಿ ಮುಂದಿನದಕ್ಕೆ ಹೋಗತೊಡಗಿದ ಮೇಲೆ ಐದಕ್ಕಿಳಿಯಿತು.

ದುಡ್ಡಿನ ವಿಷಯದಲ್ಲಿ ಒಂದು ಕಡೆ ಎಡವಿದೆ. ಭಾರತದ ವಿದ್ಯಾರ್ಥಿಗಳಿಗೆ ತೆರಿಗೆ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಟಿಎ ಆದ ಮೊದಲ ವರ್ಷ, ವಿದೇಶೀಯರು ತುಂಬುವ ತೆರಿಗೆ ಫಾರ್ಮ್ 1040-ಎನ್‌ಆರ್ ತುಂಬುವಾಗ ಅದನ್ನು ಬಿಟ್ಟಿದ್ದೆ. ಆಮೇಲೆ ತಿದ್ದುಪಡಿ ಫಾರ್ಮ್ 1040-ಎಕ್ಸ್ ಹಾಕಿದೆ. ಸಾವಿರ ಡಾಲರ್ ಮೇಲೆ ವಾಪಸ್ ಬಂತು, ಬರೋದಕ್ಕೆ ಆರು ತಿಂಗಳು ಹಿಡಿಯಿತು.