ಹೆಬ್ಬೆರಳು ಬಳಸದ ಬೌಲರ್ ತನ್ನ ಚೆಂಡನ್ನು ಪರೀಕ್ಷಿಸುವ ಬಗೆ

ಹತ್ತು ಪಿನ್ನುಗಳನ್ನು ಉರುಳಿಸುವ ಬೌಲಿಂಗ್ ಆಟದಲ್ಲಿ, ಹೆಬ್ಬೆರಳನ್ನು ಚೆಂಡಿನ ರಂಧ್ರದೊಳಗೆ ಇಡದೆ, ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನಿಂದಲೇ ಚೆಂಡು ಬಿಡುವವರ ಎಸೆತದಲ್ಲಿ ಸುತ್ತುಗಳು ಸಾಮಾನ್ಯವಾಗಿ ಹೆಚ್ಚು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಮತ್ತು ಫಿನ್ಲೆಂಡಿನ ಓಸ್ಕು ಪಾಲೆರ್ಮಾ ಎರಡೂ ಕೈಗಳಿಂದ ಆಡಿ ಜನಪ್ರಿಯಗೊಳಿಸಿದ ಶೈಲಿಯೂ ಇದೇ. ತಿರುವನ್ನು ಕೈಯೇ ಧಾರಾಳವಾಗಿ ಕೊಡುವುದರಿಂದ, ಅಂಗಡಿಯವರು ‘ಅತಿ ಹೆಚ್ಚು ಹುಕ್’ (ತಿರುವು) ಎಂದು ಹೊಗಳುವ ಚೆಂಡನ್ನೇ ಮೊದಲು ಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ದುಂದುವೆಚ್ಚ.

ಹೊಸ ಚೆಂಡಿನ ಮೇಲ್ಮೈಯನ್ನು ಉಜ್ಜದೆ, ಕಾರ್ಖಾನೆಯಿಂದ ಬಂದಂತೆಯೇ ಮೊದಲು ಆಡಿ ನೋಡಿರಿ. ಎಸೆಯುವಾಗ ದಾಟಬಾರದ ಗೆರೆಯಾದ ಫೌಲ್ ಲೈನಿನಿಂದ ಮೊದಲ ಪಿನ್ನಿನವರೆಗಿನ 60 ಅಡಿಗಳಲ್ಲಿ ಅದು ಮೊದಲು ಲೇನಿನ (ಚೆಂಡು ಉರುಳುವ ಹಾದಿಯ) ಮುಂಭಾಗಕ್ಕೆ ಹಚ್ಚಿದ ಎಣ್ಣೆಯ ಮೇಲೆ ಜಾರಬೇಕು, ಬಳಿಕ ತಿರುಗಬೇಕು, ಕೊನೆಗೆ ಉರುಳುತ್ತಾ ಪಿನ್ನುಗಳನ್ನು ಹೊಡೆಯಬೇಕು. ಎಣ್ಣೆ ಮುಗಿಯುವ ಮೊದಲೇ ತಿರುಗಿಬಿಟ್ಟ ಚೆಂಡು ಪಿನ್ನುಗಳನ್ನು ತಲುಪುವ ಹೊತ್ತಿಗೆ ಕಸುವು ಕಳೆದುಕೊಂಡಿರುತ್ತದೆ. ಬಲಗೈ ಆಟಗಾರರಿಗೆ ಮೂಲೆಯ 10ನೇ ಪಿನ್ ಪದೇ ಪದೇ ಉಳಿಯುವುದಕ್ಕೆ ಇದೂ ಒಂದು ಕಾರಣ. ಆಗ ವೇಗ ಮತ್ತು ನಿಲುವನ್ನು ಹಾಗೆಯೇ ಇಟ್ಟುಕೊಂಡು ಮೇಲ್ಮೈಯನ್ನಷ್ಟೇ ಬದಲಿಸಿರಿ: 2000 ಗ್ರಿಟ್ (ಉಜ್ಜುವ ಹಾಳೆಯ ನುಣುಪಿನ ಸಂಖ್ಯೆ; ಹೆಚ್ಚಿದಷ್ಟೂ ನಯ) ಇದ್ದರೆ 4000ಕ್ಕೆ ನಯಗೊಳಿಸಿ, ಅದೂ ಸಾಲದಿದ್ದರೆ ಪಾಲಿಶ್ ಮಾಡಿಸಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಚೆಂಡು ಮರಳಿ ಬಂದ ಕೂಡಲೇ ಒರೆಸಬೇಡಿರಿ. ಬೆಳಕಿಗೆ ತಿರುಗಿಸಿ ನೋಡಿದರೆ ಎಣ್ಣೆಯ ತೆಳು ಉಂಗುರಗಳು ಎರಡು ಕಡೆ ಒಂದಕ್ಕೊಂದು ಕೂಡಿಕೊಂಡು, ನಡುವೆ ಬೀಸಣಿಗೆಯಂತೆ ಬಿಡಿಬಿಡಿಯಾಗಿ ಹರಡಿರುವುದು ಕಾಣುತ್ತದೆ. ಉಂಗುರಗಳ ನಡುವೆ ಅಂತರವಿದ್ದರೆ ಪ್ರತಿ ಸುತ್ತಿಗೂ ಒಣ ಮೇಲ್ಮೈ ಲೇನಿಗೆ ತಗಲುತ್ತದೆ, ಹಿಡಿತವೂ ಹೆಚ್ಚುತ್ತದೆ. ಅವು ಬೆರಳಿನ ರಂಧ್ರಗಳ ಮೇಲೆ ಹಾದುಹೋಗಿದ್ದರೆ, ಚೆಂಡು ಉರುಳುವಾಗ ಟಕ್ ಟಕ್ ಸದ್ದು ಕೇಳಿಸಬಹುದು. ಅಂಥ ಸಂದರ್ಭದಲ್ಲಿ ಮುಂದಿನ ಚೆಂಡನ್ನು ಕೊರೆಸುವ ಮುನ್ನ ಈ ಉಂಗುರಗಳನ್ನು ಮೇಣದ ಪೆನ್ಸಿಲ್ಲಿನಿಂದ ಗುರುತಿಸಿ ಚೆಂಡು ಮಾರಿ ರಂಧ್ರ ಕೊರೆದುಕೊಡುವ ಪ್ರೊ ಶಾಪಿನವರಿಗೆ ತೋರಿಸಿರಿ.

ಚಲನೆ ಇನ್ನೂ ಚುರುಕಾಗಿ, ಹಿಡಿತಕ್ಕೆ ಸಿಗದಂತಿದ್ದರೆ, ಸೌಮ್ಯವಾಗಿ ಬಾಗುವ, ಯುರೆಥೇನ್ ಎಂಬ ವಸ್ತುವಿನ ಹೊರಪದರದ ಚೆಂಡನ್ನು ಪ್ರಯತ್ನಿಸಬಹುದು. ಸ್ವೀಡನ್ನಿನ ಯೆಸ್ಪರ್ ಸ್ವೆನ್ಸನ್ ಇದರಿಂದಲೇ ಹೆಸರಾದವರು.

ಬೆಂಗಳೂರಿನ ಮಾಲುಗಳಲ್ಲಿ ಬಾಡಿಗೆಗೆ ಸಿಗುವ ಮೂರು ರಂಧ್ರಗಳ ಪ್ಲಾಸ್ಟಿಕ್ ಚೆಂಡಿನಿಂದ ಈ ಪರೀಕ್ಷೆ ಸಾಧ್ಯವಿಲ್ಲ, ಏಕೆಂದರೆ ಅದು ಹೆಚ್ಚುಕಡಿಮೆ ನೇರವಾಗಿ ಹೋಗಲೆಂದೇ ತಯಾರಾದದ್ದು. ಸ್ಪರ್ಧೆಯ ಮಾತೇ ಬೇರೆ: ಅಲ್ಲಿನ ಆಟದ ನಿಯಮ ರೂಪಿಸುವ ಸಂಸ್ಥೆಯಾದ ಅಮೆರಿಕದ ಬೌಲಿಂಗ್ ಕಾಂಗ್ರೆಸ್ 2020ರ ಆಗಸ್ಟ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಎಸೆಯುವಾಗ ಬೆರಳಿಡದ ರಂಧ್ರ ಚೆಂಡಿನಲ್ಲಿ ಇರುವಂತಿಲ್ಲ. ಆದ್ದರಿಂದ ಹೆಬ್ಬೆರಳಿನ ರಂಧ್ರವಿರುವ ಹಳೆಯ ಚೆಂಡನ್ನು ಅಂಥ ಸ್ಪರ್ಧೆಗೆ ಒಯ್ಯುವ ಮುನ್ನ ಆ ರಂಧ್ರವನ್ನು ಮುಚ್ಚಿಸಿರಿ.