ಎಮಿಲಿ ಡಿಕಿನ್ಸನ್ ಪದ್ಯ ನಂಗೆ ಬಾಯಿಪಾಠ ಆಗಿದ್ದು ಹೇಗೆ

ಎಮಿಲಿ ಡಿಕಿನ್ಸನ್ ಅಂದ್ರೆ 19ನೇ ಶತಮಾನದ ಅಮೆರಿಕಾದ ಕವಯಿತ್ರಿ. ಅವಳ ಸಾಲಲ್ಲಿ ಎಷ್ಟು ಸಿಲೆಬಲ್ (ಉಚ್ಚಾರದ ತುಂಡು) ಇದೆ ಅಂತ ಮೊದ್ಲು ಬೆರಳಲ್ಲಿ ಎಣಿಸೋಕೆ ಶುರು ಮಾಡ್ದೆ. 'ಬಿಕಾಸ್ ಐ ಕುಡ್ ನಾಟ್ ಸ್ಟಾಪ್ ಫಾರ್ ಡೆತ್' ಅಂದ್ರೆ ಎಂಟು ಸಿಲೆಬಲ್, 'ಹಿ ಕೈಂಡ್ಲಿ ಸ್ಟಾಪ್ಡ್ ಫಾರ್ ಮಿ' ಆರು. ಇದು ಚರ್ಚಲ್ಲಿ ಹಾಡೋ ಹಾಡುಗಳ ಲೆಕ್ಕ, ಅಮೆರಿಕಾದ ಆಮ್‌ಹರ್ಸ್ಟ್ ಊರಲ್ಲಿ ಅವಳು ಚಿಕ್ಕಂದಿನಿಂದ ಕೇಳಿದ್ದ ಧಾಟಿ ಅದು, ಹಂಗಾಗಿ ಕಣ್ಣಲ್ಲಿ ಓದಿದ್ರೆ ನಿಲ್ಲಲ್ಲ, ವಾಕಿಂಗ್ ಹೋಗ್ತಾ ಜೋರಾಗಿ ಹೇಳ್ಕೊಂಡ್ರೆ ತಾನಾಗೇ ಕೂತ್ಕೊಳ್ಳುತ್ತೆ. ಎದುರು ಬರೋರು ನೋಡ್ತಾರೆ, ನೋಡ್ಲಿ ಬಿಡಿ.

ಆಮೇಲೆ ಪುಸ್ತಕ ಯಾವುದು ಅನ್ನೋದು. ಈಯಮ್ಮ ಬರೆದಿದ್ದು ಸುಮಾರು 1800 ಪದ್ಯ, ಬದುಕಿದ್ದಾಗ ಅಚ್ಚಾಗಿದ್ದು ಬೆರಳೆಣಿಕೆಯಷ್ಟು. 1886ರಲ್ಲಿ ತೀರ್ಕೊಂಡ್ಮೇಲೆ 1890ರಲ್ಲಿ ಮೊದಲ ಸಂಕಲನ ತಂದವರು ಅವಳ ಡ್ಯಾಶ್‌ಗಳನ್ನ ತೆಗೆದು, ಪ್ರಾಸ ತಿದ್ದಿ, ನೀಟ್ ಮಾಡ್ಬಿಟ್ರು, 1955ರಲ್ಲಿ ಥಾಮಸ್ ಜಾನ್ಸನ್ ಅನ್ನೋರು ಡ್ಯಾಶ್ ವಾಪಸ್ ಹಾಕಿದ್ರು. ನಾನು ಡ್ಯಾಶ್ ಇರೋದನ್ನೇ ಕೈಬರಹದಲ್ಲಿ ನೋಟ್‌ಬುಕ್‌ಗೆ ಇಳಿಸ್ಕೊಂಡೆ, ಯಾಕಂದ್ರೆ ಉಸಿರು ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಅಲ್ಲೇ ಇದೆ.

ಇನ್ನೊಂದು, ಫಾರ್ವರ್ಡ್ ಆಗಿ ಬರೋ ಒಂಟಿ ಸಾಲು ಕಲಿಯೋಕೆ ಹೋಗ್ಲಿಲ್ಲ, ಇಡೀ ಪದ್ಯ ಕಲಿತೆ. 'ಎ ಬರ್ಡ್ ಕೇಮ್ ಡೌನ್ ದ ವಾಕ್' ಅಂತ ಕಾಲುದಾರಿಗೆ ಹಕ್ಕಿ ಬರೋ ಪದ್ಯ ಇದೆಯಲ್ಲ, ಅದರಲ್ಲಿ ಕೊನೆಗೆ ಹಕ್ಕಿ ಹಾರೋದು ದೋಣಿ ಹುಟ್ಟು ಹಾಕೋದಕ್ಕಿಂತ ಮೆತ್ತಗೆ ಅಂತ ಬರೋದನ್ನ ಎಲ್ರೂ ಹಾಡಿ ಹೊಗಳ್ತಾರೆ, ಆದ್ರೆ ಶುರುನಲ್ಲಿ ಅದೇ ಹಕ್ಕಿ ಎರೆಹುಳುನ ಎರಡು ತುಂಡು ಮಾಡಿ ಹಸಿಹಸಿಯಾಗೇ ತಿಂದು, ಹುಲ್ಲಿನ ಮೇಲಿನ ಇಬ್ಬನಿ ಕುಡಿದು, ದುಂಬಿಗೆ ದಾರಿ ಬಿಡೋಕೆ ಗೋಡೆ ಕಡೆ ಪಕ್ಕಕ್ಕೆ ಕುಪ್ಪಳಿಸುತ್ತೆ. ಹುಳ ತಿಂದಿದ್ದೂ ಮರ್ಯಾದೆ ಕೊಟ್ಟಿದ್ದೂ ಅಕ್ಕಪಕ್ಕ. ಅದು ಬಿಟ್ರೆ ಕೊನೇ ಸಾಲು ಬರೀ ಗ್ರೀಟಿಂಗ್ ಕಾರ್ಡು. ಸ್ಕೂಲಲ್ಲಿದ್ದಾಗ್ಲೇ 400ಕ್ಕೂ ಹೆಚ್ಚು ಗಿಡ ಒಣಗಿಸಿ ಪುಸ್ತಕಕ್ಕೆ ಅಂಟಿಸಿದ್ದವಳು, ನೋಡದೆ ಬರೆಯೋ ಜಾತಿ ಅಲ್ಲ.

ಶುರು ಮಾಡೋರು 'ಟು ಮೇಕ್ ಎ ಪ್ರೇರಿ' ತಗೊಳ್ಳಿ, ಐದೇ ಸಾಲು. ಹುಲ್ಲುಗಾವಲು ಮಾಡೋಕೆ ಒಂದು ಕ್ಲೋವರ್ ಗಿಡ, ಒಂದು ಜೇನ್ನೊಣ, ಜೊತೆಗೆ ಹಗಲುಗನಸು ಬೇಕು, ಜೇನ್ನೊಣ ಕಮ್ಮಿ ಬಿದ್ರೆ ಹಗಲುಗನಸೊಂದೇ ಸಾಕಂತೆ. ಇದಕ್ಕೆ ಮಾತ್ರ ಎಂಟು-ಆರರ ಲೆಕ್ಕ ಕೂರಲ್ಲ, ಬೆರಳು ಮಡಚೋಕೆ ಹೋಗ್ಬೇಡಿ.